ಬದಲಿ ಬಾರದ ಕಾವಲು

ಬಾಗಿಲು ಮುಂದಕ್ಕೆ ತಳ್ಳಿ. ಚಿಲಕ ಬೇಡ, ಸುಮ್ನೆ ತಳ್ಳಿದ್ರೆ ಸಾಕು. ಈ ಕತೇನ ಜೋರಾಗಿ ಹೇಳೋಕೆ ನಂಗೆ ಆಗಲ್ಲ. ಹೆದರಿಕೆಗಲ್ಲ... ಹೇಸಿಗೆಗೆ. ದೆವ್ವದ ಕತೆ ಹೇಳು, ದೆವ್ವದ ಕತೆ ಹೇಳು ಅಂತ ಸಂಜೆಯಿಂದ ನನ್ನ ಜೀವ ತಿಂತಿದೀರಲ್ಲ, ಕೇಳಿ ಹಾಗಾದ್ರೆ. ಮಧ್ಯದಲ್ಲಿ ಯಾರಾದ್ರೂ 'ಬುರುಡೆ' ಅಂದ್ರೋ, ಎದ್ದು ಹೋಗ್ತಿರ್ತೀನಿ, ಹೇಳಿದೀನಿ.

ಇದು ನಮ್ಮ ದೊಡ್ಡಮ್ಮನ ಮನೇಲಿ ಆಗಿದ್ದು. ದೊಡ್ಡಮ್ಮನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡೋನನ್ನ ನಾವೆಲ್ಲ ಅಣ್ಣ ಅಂತಲೇ ಕರೀತಿದ್ವಿ. ಚಿಕ್ಕೋನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಕಂಬ. ಯಾಕಂದ್ರೆ ಅವನು ಚಿಕ್ಕವನಿದ್ದಾಗ ದೊಡ್ಡಮ್ಮ ಅಂಗಡಿ ಮುಂದೆ ನಿಲ್ಲಿಸಿ, 'ನಾನು ಬರೋವರೆಗೂ ಇಲ್ಲೇ ಇರು' ಅಂದು, ಮರೆತು ಮನೆಗೆ ಬಂದುಬಿಟ್ಟಿದ್ರಂತೆ. ಕತ್ತಲಾದ ಮೇಲೆ ಎದೆ ಬಡ್ಕೊಂಡು ಓಡಿ ನೋಡಿದ್ರೆ, ಅಂಗಡಿ ಮುಚ್ಚಿದೆ, ಇವನು ಅದೇ ಜಾಗದಲ್ಲಿ ನಿಂತಿದಾನೆ. ಚಡ್ಡಿ ಒದ್ದೆ. ಅಳ್ತಾನೂ ಇಲ್ಲ. ಅಂಥ ಹುಡುಗ.

ಈಗ ಅಣ್ಣನ ವಿಷಯಕ್ಕೆ ಬರ್ತೀನಿ. ಯುದ್ಧ ಬಂದಾಗ ಅಣ್ಣ, ಕಂಬ ಇಬ್ಬರೂ ದಂಡಿಗೆ ಸೇರಿದ್ರು. ಆ ಯುದ್ಧ ಮುಗಿದು ಕೆಲವು ವರ್ಷ ಆಗಿತ್ತು. ಅಣ್ಣ ಬೇಕರೀಲಿ ಒಲೆ ಕೆಲಸಕ್ಕೆ ಸೇರಿದ್ದ, ರಾತ್ರಿ ಪಾಳಿ. ಕೊನೇ ತಟ್ಟೆ ಬ್ರೆಡ್ಡು ಇಳಿಸಿ, ತಲೆಗೂದಲಿನ ಹಿಟ್ಟು ಕೊಡವಿ ಹೊರಡೋ ಹೊತ್ತಿಗೆ ಬೀದೀಲಿ ನಾಯಿ ಕೂಡ ಇರ್ತಿರಲಿಲ್ಲ. ಮನೆ ದಾರೀಲಿ, ಊರಂಚಿಗೆ, ದೊಡ್ಡ ಬಾವಿ. ಊರಿಗೆಲ್ಲ ನೀರು ಹೋಗೋದು ಅಲ್ಲಿಂದಲೇ. ಪಕ್ಕದಲ್ಲಿ ಪಂಪಿನ ಮನೆ, ಮುಂದೆ ಜಲ್ಲಿ ಹಾಸಿದ ಅಂಗಳ, ಕಬ್ಬಿಣದ ಗೇಟು. ಗೇಟಿನ ಪಕ್ಕ ಒಂದು ಚಪ್ಪಡಿ ಕಲ್ಲು. ಯುದ್ಧದ ಕಾಲದಲ್ಲಿ ಅದು ದಂಡಿನ ಠಾಣೆ, ಆ ಕಲ್ಲಿನ ಮೇಲೆ ಕಾವಲುಗಾರ ನಿಲ್ತಿದ್ದ.

ಅವತ್ತು ಪಂಪು ನಿಂತಿತ್ತು. ಗಾಳಿ ಇಲ್ಲ. ಅಣ್ಣ ಗೇಟಿನ ಹತ್ರ ಬಂದಾಗ... ಜಲ್ಲಿ ಮೇಲೆ ಸದ್ದು. ಕರಕ್... ಕರಕ್... ಕರಕ್... ಬೂಟಿನ ಸದ್ದು. ಆಮೇಲೆ ಎರಡು ಹಿಮ್ಮಡಿ ಸೇರಿದ ಸದ್ದು, ಟಕ್. ಬಂದೂಕಿನ ಬುಡ ಕಲ್ಲಿಗೆ ತಾಗಿದ ಸದ್ದು, ಧಡ್.

ಅಣ್ಣನೂ ದಂಡಿನಲ್ಲಿ ಇದ್ದೋನೇ. ಯಾವ ಸದ್ದು ಯಾವುದು ಅಂತ ಗೊತ್ತು. ನಿಂತುಬಿಟ್ಟ.

"ಯಾರದು?"

ಪಿಸುಮಾತು. ಆದ್ರೆ ಮೂಗು ಕಟ್ಟಿದ ದನಿ. ವರ್ಷಪೂರ್ತಿ ನೆಗಡಿ ಇದ್ದ ದನಿ... ಕಂಬನ ದನಿ. ಕಂಬ ಸತ್ತಿದ್ದ ಕಣ್ರೀ. ನಾವೇ ಮಣ್ಣು ಮಾಡಿ ಬಂದಿದ್ವಿ.

"ನಾನು ಕಣೋ," ಅಂದ ಅಣ್ಣ.

"ಅಣ್ಣ... ಬದಲಿ ಬಂದ್ನಾ?"

"ಯಾವ ಬದಲಿ?"

"ಕರ್ನಲ್ ಸಾಹೇಬ್ರು ಹೇಳಿದ್ರಲ್ಲ... ಬದಲಿ ಬರ್ತಾನೆ ಅಂತ." ಆಮೇಲೆ ಇನ್ನೂ ಸಣ್ಣ ದನೀಲಿ, "ಕಾಲು ತುಂಬ ನೋಯ್ತಿದೆ, ಅಣ್ಣ."

ಅಣ್ಣ ಅಲ್ಲಿಂದ ಮನೆವರೆಗೂ ಹೇಗೆ ಬಂದ ಅಂತ ಅವನಿಗೇ ಗೊತ್ತಿಲ್ಲ. ಬಂದು ದೊಡ್ಡಮ್ಮನ ಪಕ್ಕ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಅವನಿಗೆ ಕೂತ್ಕೋ ಅಂತ ಹೇಳಿದ್ಯೇನೋ?"

ಈಗ ಆ ಕರ್ನಲ್ಲು ಯಾರು ಅಂತ ಹೇಳ್ಬೇಕು. ಹೇಳೋಕೆ ಮುಂಚೆ ಬಾಯಿ ಮುಕ್ಕಳಿಸ್ಬೇಕು ಅನ್ಸುತ್ತೆ, ಇರಲಿ.

ಮೀಸೆ ಬರೋಕೆ ಮುಂಚೆ ಸೈನ್ಯಕ್ಕೆ ಸೇರಿದೋರು, ಮೀಸೆ ನೆರೆತ ಮೇಲೂ ಅಲ್ಲೇ. ಪರೇಡು ಮೈದಾನದಲ್ಲಿ ಅವರನ್ನ ಮೀರಿಸೋರಿರಲಿಲ್ಲ. ಗುಂಡಿ ಹೊಳೀಬೇಕು, ಬೂಟಿನಲ್ಲಿ ಮುಖ ಕಾಣ್ಬೇಕು. ಯುದ್ಧ ಅಂತ ಬಂದ ಮೇಲೆ ನೋಡಿದ್ರೆ, ಸೇತುವೆ ಬಿಟ್ಟರು, ರೈಲ್ವೆ ನಿಲ್ದಾಣ ಬಿಟ್ಟರು, ಗುಡ್ಡ ಬಿಟ್ಟರು. ಒಂದು ಗೆಲುವಿಲ್ಲ. ಆದ್ರೆ ಪ್ರತಿ ಸಲ 'ಹಿಂದಕ್ಕೆ' ಅಂತ ಅಪ್ಪಣೆ ಕೊಡೋ ಕೆಲಸ ಕೈಕೆಳಗಿನವರ ತಲೆಗೆ ಕಟ್ಟೋರು. ತಾವು ಜೀಪಲ್ಲಿ ಕೂತು ಬೇರೆ ಕಡೆ ನೋಡೋರು. ಆಮೇಲೆ ಊಟದ ಮೇಜಿನ ಮುಂದೆ ಮೀಸೆ ತೀಡಿಕೊಂಡು, "ಹಿಂದಕ್ಕೆ ಅನ್ನೋ ಮಾತು ಈ ಬಾಯಲ್ಲಿ ಇವತ್ತಿನವರೆಗೂ ಬಂದಿಲ್ಲ" ಅನ್ನೋರು. ಆ ಜೀಪಿಗೆ ನಮ್ಮಣ್ಣನೇ ಡ್ರೈವರು. ಅವನಿಗೆ ಎಲ್ಲಾ ಗೊತ್ತು.

ಕೊನೇ ರಾತ್ರಿ. ಯುದ್ಧ ನಿಂತಿದೆ ಅಂತ ರೇಡಿಯೋದಲ್ಲಿ ಹೇಳಿಯಾಗಿದೆ. ಬೆಳಗಾಗೋದ್ರೊಳಗೆ ಎಲ್ಲರೂ ಊರು ಬಿಟ್ಟು ಹೊಳೆ ಆಚೆ ಹೋಗಿ, ಎದುರಿನವರು ಬಂದು ನಾಲ್ಕು ದಿನ ಇದ್ದು ಹೋಗ್ತಾರೆ, ಯಾರೂ ಯಾರ ಮೇಲೂ ಗುಂಡು ಹಾರಿಸೋ ಹಾಗಿಲ್ಲ ಅಂತ ಮೇಲಿಂದ ಅಪ್ಪಣೆ. ತುಕಡಿ ಎಲ್ಲ ಹೊರಡ್ತು. ಕೊನೇಲಿ ಸಾಹೇಬರ ಜೀಪು. ಬಾವಿ ಹತ್ರ ಬಂದ್ರೆ ಚಪ್ಪಡಿ ಮೇಲೆ ಕಂಬ ಒಬ್ಬನೇ ನಿಂತಿದಾನೆ.

ಅಣ್ಣ ಬ್ರೇಕು ತುಳಿದ. "ಸಾರ್... ನನ್ನ ತಮ್ಮ. ಹತ್ತಿಸ್ಕೊಳ್ಳೋಣ?"

"ಹತ್ತಿಸ್ಕೊಂಡ್ರೆ ಠಾಣೆ ಬಿಟ್ಟು ಹೋದ ಹಾಗೆ. ಒಬ್ಬ ನಿಂತಿದ್ರೂ ಈ ಠಾಣೆ ನಂದೇ. ನಾಳೆ ಯಾರೂ ನನ್ನ ಕಡೆ ಬೆರಳು ತೋರ್ಸೋ ಹಾಗಿರಬಾರದು."

ಅಷ್ಟು ಹೇಳಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬದಲಿ ಬರ್ತಾನೆ! ಅಲ್ಲೀವರೆಗೂ ಅಲ್ಲಾಡ್ಬೇಡ!" ಅಂತ ಕಂಬಂಗೆ ಕೂಗಿದ್ರು. ಕಂಬ ಸಲ್ಯೂಟು ಹೊಡೆದ. ಜೀಪು ಹೊರಡ್ತು. ಹಿಂದಿನ ಸೀಟಲ್ಲಿ ಏನಿತ್ತು ಗೊತ್ತಾ? ಸಾಹೇಬರ ಟ್ರಂಕು. ಒಳಗೆ ಪರೇಡಿನ ಬಟ್ಟೆ, ಪಾಲಿಶ್ ಡಬ್ಬಿ, ಮೀಸೆಗೆ ಹಚ್ಚೋ ಎಣ್ಣೆ. ಟ್ರಂಕಿಗೆ ಜಾಗ ಇತ್ತು. ಥೂ!

ನೀವು ಕೇಳ್ಬಹುದು, ಆ ಹುಡುಗ ಓಡಿಹೋಗ್ಬಾರದಾಗಿತ್ತಾ ಅಂತ. ಕಾವಲಿಗೆ ನಿಂತೋನು ಹಾಗೆ ಹೋಗೋ ಹಾಗಿಲ್ಲ. ನಿಲ್ಲಿಸಿದ ಸಾಹೇಬರೇ ಬಂದು 'ಹಿಂದಕ್ಕೆ' ಅನ್ನಬೇಕು. ಇಲ್ಲಾಂದ್ರೆ ತುಕಡಿಯ ಇನ್ನೊಬ್ಬ ಬಂದು ಅದೇ ಜಾಗದಲ್ಲಿ ನಿಲ್ಲಬೇಕು, ಇವನು 'ಒಪ್ಪಿಸಿದೀನಿ' ಅಂತ ಹೇಳಿ ಕೆಳಗಿಳೀಬೇಕು. ಎರಡೇ ದಾರಿ. ಬೇರೆ ಯಾರಾದ್ರೂ ಆಗಿದ್ರೆ ಆ ನಿಯಮಾನ ಬಾವಿಗೆ ಹಾಕಿ ಓಡ್ತಿದ್ರು. ಇವನು ಕಂಬ ಅಲ್ವಾ.

ಬೆಳಕು ಹರಿಯೋ ಹೊತ್ತಿಗೆ ಎದುರಿನವರು ನಗ್ತಾ, ಸಿಗರೇಟು ಸೇದ್ತಾ ಬಂದ್ರಂತೆ. ಇವನು "ಯಾರದು? ನಿಲ್ಲಿ!" ಅಂತ ಬಂದೂಕು ಎತ್ತಿದ. ಅವರು ಗಾಬರಿಯಾಗಿ ಹೊಡೆದ್ರು. ಯುದ್ಧ ಮುಗಿದ ಮೇಲೆ ಸತ್ತ ನಮ್ಮ ಹುಡುಗ. ನಾಲ್ಕು ದಿನ ಆದ ಮೇಲೆ ಅವರು ಹೊರಟೂ ಹೋದ್ರು. ಆ ಬಾವಿ ಯಾರಿಗೂ ಬೇಕಾಗಿರಲೇ ಇಲ್ಲ. ಇತ್ತ ಕರ್ನಲ್ಲಿಗೆ ಪದಕ. ಕೊನೇ ಗಳಿಗೆವರೆಗೂ ಠಾಣೆ ಬಿಡದ ವೀರ ಅಂತ! ಆಮೇಲೆ ನಿವೃತ್ತಿಯಾಗಿ ನಮ್ಮ ಊರಲ್ಲೇ ಮನೆ ಮಾಡಿಕೊಂಡು, ಯಾವ ಶಾಲೇಲಿ ಸಭೆ ಇದ್ರೂ ಹೋಗಿ ಮಕ್ಕಳ ಮುಂದೆ ಭಾಷಣ ಹೊಡೆಯೋರು.

ನಾನು ಹೊಲಿಗೆಯವಳು. ಆ ಭಾಷಣದ ಕೋಟು ನನ್ನ ಹತ್ರಾನೇ ಬರ್ತಿತ್ತು. ಪ್ರತಿ ವರ್ಷ ಸೊಂಟದ ಹೊಲಿಗೆ ಬಿಚ್ಚಿ ದೊಡ್ಡದು ಮಾಡ್ಬೇಕು. ನುಸಿಗುಳಿಗೆ ವಾಸನೆ, ಕಂಕುಳಲ್ಲಿ ಬೆವರಿನ ಹಳದಿ ಕಲೆ. ಮುಟ್ಟಿದಾಗೆಲ್ಲ ಸೋಪು ಹಾಕಿ ಕೈ ತೊಳ್ಕೊಳ್ತಿದ್ದೆ.

ಅಣ್ಣ ಮಾರನೇ ರಾತ್ರೀನೂ ಬಾವಿ ಹತ್ರ ಹೋದ. ಆಮೇಲೂ ಹೋದ. "ಯುದ್ಧ ಮುಗೀತು ಕಣೋ, ಮನೆಗೆ ಬಾರೋ" ಅಂದ. "ಸಾಹೇಬ್ರು ಹೇಳಿಲ್ವಲ್ಲ" ಅಂತ ಉತ್ತರ. "ಹಾಗಾದ್ರೆ ನಾನೇ ನಿಲ್ತೀನಿ, ನಾನೂ ತುಕಡಿಯೋನೇ, ಇಳಿ" ಅಂತ ಕಲ್ಲಿನ ಮೇಲೆ ಕಾಲಿಡೋಕೆ ಹೋದ. ಎದೆ ಮೇಲೆ ಬಂದೂಕು ಅಡ್ಡ ಬಂದ ಹಾಗಾಯ್ತಂತೆ... ತಣ್ಣಗೆ.

"ನೀನು ಬೇಡ ಅಣ್ಣ," ಅಂದ್ನಂತೆ ಕಂಬ. "ನಿಂಗೆ ಒಪ್ಪಿಸಿದ್ರೆ ಅಮ್ಮಂಗೆ ಯಾರಿರ್ತಾರೆ?"

ಇದನ್ನ ಹೇಳುವಾಗ ಅಣ್ಣ ಎದ್ದು ಹೊರಗೆ ಹೋಗಿ, ಮುಖ ತೊಳ್ಕೊಂಡು ಬಂದು ಮತ್ತೆ ಕೂತ.

ಕೊನೆಗೆ ದೊಡ್ಡಮ್ಮನೇ ಕರ್ನಲ್ಲಿನ ಮನೆಗೆ ಹೋದ್ರು. ನಾನೂ ಜೊತೇಲಿದ್ದೆ. ನಡುಮನೆ ಗೋಡೆ ತುಂಬ ಅವರದೇ ಪಟ. ಕುದುರೆ ಮೇಲೆ, ಜೀಪಿನ ಮೇಲೆ, ಮಂತ್ರಿ ಪಕ್ಕ. ದೊಡ್ಡಮ್ಮ ಕೂತ್ಕೊಳ್ಳಲಿಲ್ಲ. "ಸಾರ್, ನನ್ನ ಮಗ ಇನ್ನೂ ಅಲ್ಲೇ ನಿಂತಿದಾನೆ. ಕಾಲು ನೋಯ್ತಿದೆಯಂತೆ. ತಾವು ಒಂದು ಸಲ ಬಂದು 'ಹಿಂದಕ್ಕೆ' ಅಂದುಬಿಡಿ. ನಾನು ಇನ್ನೇನೂ ಕೇಳಲ್ಲ," ಅಂದ್ರು.

ನಗ್ತಾರೆ ಅಂದ್ಕೊಂಡಿದ್ದೆ. ನಗಲಿಲ್ಲ ಕಣ್ರೀ. ನಂಬಿದ್ರು! ಕಣ್ಣು ಮಿನುಗ್ತು. "ಇನ್ನೂ ನಿಂತಿದಾನಾ? ಭೇಷ್! ನೋಡಿ ಅಮ್ಮ, ನನ್ನ ತರಬೇತಿ ಅಂದ್ರೆ ಅದು," ಅಂದ್ರು. "ಆದ್ರೆ ಆ ಮಾತು ನಾನು ಹೇಳೋಕಾಗಲ್ಲ. ಹೇಳಿದ್ರೆ ಆ ಠಾಣೆ ಬಿಟ್ಟ ಹಾಗೆ. ನನ್ನ ಪದಕಕ್ಕೆ ಅರ್ಥ ಏನು?" ಆಮೇಲೆ ಒಳಗೆ ಹೋಗಿ ತಮ್ಮ ಒಂದು ಫೋಟೋ ತಂದು, ಕೆಳಗೆ ಸಹಿ ಹಾಕಿ ದೊಡ್ಡಮ್ಮನ ಕೈಗೆ ಕೊಟ್ಟರು.

ಮಗನನ್ನ ಕೇಳೋಕೆ ಬಂದ ತಾಯಿಗೆ! ತನ್ನ ಫೋಟೋ! ದೊಡ್ಡಮ್ಮ ಗೇಟಿನಾಚೆ ಬಂದು ಅದನ್ನ ಕಸದ ತೊಟ್ಟಿಗೆ ಹಾಕಿ, ಸೆರಗಿಗೆ ಕೈ ಒರೆಸ್ಕೊಂಡ್ರು.

ಅದಾದ ಮೇಲೆ ಒಂದು ಸಂಜೆ ಆ ಕೋಟಿನ ಅಳತೆ ನೋಡೋಕೆ ಹೋಗಿದ್ದೆ. ಸಾಹೇಬರು ಕನ್ನಡಿ ಮುಂದೆ ಹೊಟ್ಟೆ ಒಳಗೆಳ್ಕೊಂಡು ನಿಂತಿದ್ರು. ನನ್ನ ಬಾಯ್ತುಂಬ ಗುಂಡುಸೂಜಿ. ಅಣ್ಣ ನೇರ ಒಳಗೆ ಬಂದ. ಬೇಡ್ಕೊಳ್ಳೋಕೇ ಬಂದಿದ್ದ ಅನ್ಸುತ್ತೆ. ಬೇಡ್ಕೊಂಡ ಕೂಡ. ಅವರು ಕನ್ನಡಿಯಿಂದ ಕಣ್ಣು ತೆಗೀಲಿಲ್ಲ. ಆಗ ಅಣ್ಣನ ಪಿತ್ತ ನೆತ್ತಿಗೇರ್ತು.

"ಬಿಡಿ ಸಾರ್. ನೀವು ಹೆಮ್ಮೆಪಡೋ ಅಷ್ಟೇನೂ ಇಲ್ಲ. ಅವನು ಸರಿಯಾಗಿ ನಿಲ್ಲೋದೂ ಇಲ್ಲ. ಗೇಟಿಗೆ ಒರಗಿರ್ತಾನೆ. ಕತ್ತಿನ ಗುಂಡಿ ಬಿಚ್ಚಿರ್ತಾನೆ."

ಶುದ್ಧ ಸುಳ್ಳು. ಕಂಬ ಒರಗೋ ಜಾತಿಯವನಲ್ಲ. ಆದ್ರೆ ಸಾಹೇಬರ ಕತ್ತು ಕೆಂಪಗಾಯ್ತು, ಒಳಗೆಳ್ಕೊಂಡಿದ್ದ ಹೊಟ್ಟೆ ಹೊರಗೆ ಬಂತು. ಒಂದು ಗುಂಡಿ ಕಿತ್ತುಹೋಗಿ ನೆಲದ ಮೇಲೆ ಉರುಳ್ತು.

"ನನ್ನ ಠಾಣೇಲಿ ಒರಗ್ತಾನಾ?" ಅಂದ್ರು. "ಇವತ್ತೇ ರಾತ್ರಿ ಬರ್ತೀನಿ. ಏನಮ್ಮ, ಆ ಗುಂಡಿ ಹೊಲಿ. ಬೇಗ."

ಒಬ್ಬ ಹುಡುಗನ್ನ ಬಿಡಿಸೋಕೆ ಬಾರದ ಮನುಷ್ಯ, ಗುಂಡಿ ಹಾಕಿಸೋಕೆ ಹೊರಟ. ನಾನು ಹೊಲಿದು ಕೊಟ್ಟೆ. ಅಲ್ಲಿಗೆ ಬಂದ ಮೇಲಾದ್ರೂ ಮನಸ್ಸು ಕರಗಿ ಆ ಒಂದು ಮಾತು ಅಂದಾರು ಅನ್ನೋ ಆಸೆ ನಮ್ಮದು.

ಆ ರಾತ್ರಿ ನಾನು ದೊಡ್ಡಮ್ಮನ ಜೊತೆ ಕೂತೆ. ಬಾವಿ ಹತ್ರ ಆಗಿದ್ದು ಅಣ್ಣ ಹೇಳಿದ್ದು. ಅವನು ನನ್ನ ಹತ್ರ ಸುಳ್ಳು ಹೇಳೋನಲ್ಲ.

ಸಾಹೇಬರು ಪೂರ್ತಿ ದಿರಿಸಿನಲ್ಲಿ ಬಂದಿದ್ರು. ಎದೆ ಮೇಲೆ ಪದಕಗಳು ಕಿಣಿಕಿಣಿ ಅಂತ ಒಂದಕ್ಕೊಂದು ತಾಗ್ತಿದ್ವು. ಗೇಟಿನ ಹತ್ರ ಬಂದ್ರು. ಜಲ್ಲಿ ಮೇಲೆ ಕರಕ್... ಕರಕ್... ಟಕ್.

"ಯಾರದು?"

"ನಿನ್ನ ಕರ್ನಲ್."

ಆಗ ಸಲ್ಯೂಟಿನ ಸದ್ದು. ಅಂಗೈ ಬಂದೂಕಿನ ಮೇಲೆ ಬಿದ್ದ ಸದ್ದು, ಚಟ್. ಕಣ್ಣಿಗೆ ಏನೂ ಕಾಣ್ತಿಲ್ಲ. ಬರೀ ಸದ್ದು. ಸಾಹೇಬರ ಮುಖ ನೋಡ್ಬೇಕಿತ್ತಂತೆ. ಹೆದರಿಕೆ ಇಲ್ಲ. ಮದುವೆ ಗಂಡಿನ ಕಳೆ! ಎಷ್ಟೋ ವರ್ಷ ಆದ ಮೇಲೆ ತನಗೊಬ್ಬ ಸಲ್ಯೂಟು ಹೊಡೆದ ಅನ್ನೋ ಖುಷಿ. ಸತ್ತೋನು ಹೊಡೆದ್ರೂ ಸರಿ.

"ಸಾರ್..." ಮೂಗು ಕಟ್ಟಿದ ದನಿ ಪಿಸುಗುಟ್ಟಿತು. "ಬದಲಿ ಬಂದ್ನಾ ಸಾರ್?"

"ಸಾರ್, ಹೇಳಿ," ಅಂದ ಅಣ್ಣ. ಕೈ ಮುಗಿದ. "ಒಂದೇ ಮಾತು ಸಾರ್. ಕಾಲು ಹಿಡ್ಕೊಳ್ತೀನಿ."

"ಸುಮ್ನಿರು! ತಪಾಸಣೆ ನಡೀತಿದೆ." ಟಾರ್ಚು ಹಾಕಿ ಕಲ್ಲಿನ ಸುತ್ತ ಒಂದು ಸುತ್ತು ಬಂದ್ರು. ಕಾಣದೇ ಇರೋನನ್ನ ಮೇಲಿಂದ ಕೆಳಗೆ ನೋಡಿದ್ರು. "ಬದಲಿ ಗಿದಲಿ ಇಲ್ಲ. ನಾನು ಬದುಕಿರೋವರೆಗೂ ನೀನು ಇಲ್ಲೇ. ಗೊತ್ತಾಯ್ತಾ? ಎದೆ ಮುಂದಕ್ಕೆ! ಏನದು ನಿಲ್ಲೋ ರೀತಿ... ಮಂಡಿ ಯಾಕೆ ಬಗ್ಗಿದೆ?"

"ನೋಯ್ತಿದೆ ಸಾರ್."

"ನೋಯುತ್ತಂತೆ!"

ಈ ಮನುಷ್ಯನಿಗೆ ಹಳೇ ಚಾಳಿ ಒಂದಿತ್ತು. ಪರೇಡಲ್ಲಿ ಯಾವನಾದ್ರೂ ಸೊಟ್ಟಗೆ ನಿಂತ್ರೆ, ಬಾಯಲ್ಲಿ ಬೈದು ಬಿಡೋರಲ್ಲ. ಅವನನ್ನ ಪಕ್ಕಕ್ಕೆ ತಳ್ಳಿ, ಅವನ ಜಾಗದಲ್ಲಿ ತಾವೇ ನಿಂತು, 'ಕಣ್ಣುಬಿಟ್ಟು ನೋಡು, ಹೀಗೆ' ಅಂತ ತೋರ್ಸೋರು. ಇಡೀ ಜೀವಮಾನ ಮಾಡಿದ್ದು ಅದೊಂದೇ ಕೆಲಸ. ಕೈಕಾಲಿಗೆ ಅಂಟಿಹೋಗಿತ್ತು.

"ಸರಿ ಪಕ್ಕಕ್ಕೆ," ಅಂದ್ರು. "ನಾನು ತೋರಿಸ್ತೀನಿ."

ಚಪ್ಪಡಿ ಮೇಲೆ ಹತ್ತಿದ್ರು. ಹಿಮ್ಮಡಿ ಸೇರಿಸಿದ್ರು. ಟಕ್. ಎದೆ ಉಬ್ಬಿಸಿದ್ರು. "ಹೀಗೆ!"

ಬಾವಿಯೊಳಗೆ ಎಲ್ಲೋ ನೀರು ತೊಟ್ಟಿಕ್ತಿತ್ತು.

ಆಮೇಲೆ ಕಂಬನ ದನಿ. ಈ ಸಲ ಪಿಸುಮಾತಲ್ಲ.

"ಠಾಣೆ ಒಪ್ಪಿಸಿದೀನಿ, ಸಾರ್."

ಕರಕ್... ಕರಕ್... ಕರಕ್... ಬೂಟು ಜಲ್ಲಿ ದಾಟಿತು. ಗೇಟು ಕಿರ್‌ರ್ ಅಂತ ತೆರ್ಕೊಂಡಿತು. ಆಮೇಲೆ ರಸ್ತೆ ಮೇಲೆ ಸದ್ದು. ಕವಾಯತಿನ ನಡಿಗೆ ಅಲ್ಲ. ಕೆಲಸ ಮುಗಿಸಿ ಸುಸ್ತಾದೋನು ಕಾಲೆಳೆದು ನಡೆಯೋ ಹಾಗೆ.

ಸಾಹೇಬರು ನಕ್ಕರು. "ಏಯ್! ಎಲ್ಲಿಗೆ? ವಾಪಸ್ ಬಾ!" ಹಿಂದೆ ಹೋಗೋಕೆ ಕಾಲೆತ್ತಿದ್ರು... ಏಳಲಿಲ್ಲ. ಇನ್ನೊಂದು ಎತ್ತಿದ್ರು. ಅದೂ ಏಳಲಿಲ್ಲ. ಬೂಟು ಕಲ್ಲಿಗೆ ಕಚ್ಕೊಂಡಿತ್ತು. ನಗು ನಿಂತಿತು.

"ಡ್ರೈವರ್... ನನ್ನ ಕಾಲು..."

ಅಣ್ಣ ಏನೇ ಇದ್ರೂ ಮನುಷ್ಯ. ಓಡಿಹೋಗಿ ಸೊಂಟ ಹಿಡಿದು ಎಳೆದ. ಬೂಟಿನ ದಾರ ಬಿಚ್ಚಿ ಕಾಲು ಈಚೆ ತೆಗೆಯೋಕೆ ನೋಡಿದ. ಬಂಡೆ ಎಳೆದ ಹಾಗೆ. ಕೊನೆಗೆ ಅವನಿಗೆ ಹೊಳೀತು.

"ಸಾರ್, ನಿಮ್ಮನ್ನ ಇಲ್ಲಿ ನಿಲ್ಲಿಸಿದ್ದು ನೀವೇ. ನಿಮಗೆ ಮೇಲಿನವರು ಇಲ್ಲಿ ಇನ್ಯಾರೂ ಇಲ್ಲ. ನೀವೇ ಹೇಳ್ಕೊಳ್ಳಿ. ಹಿಂದಕ್ಕೆ ಅನ್ನಿ. ಅಂದ್ರೆ ಬಿಡುತ್ತೆ."

ಕರ್ನಲ್ಲು ಬಾಯಿ ತೆರೆದ್ರು. ಅಣ್ಣ ಅವರ ಕೈಯಿಂದ ಟಾರ್ಚು ತಗೊಂಡು ಮುಖಕ್ಕೆ ಹಿಡಿದು ನೋಡಿದ. ಹಣೆ ಮೇಲೆ ಬೆವರು, ಕೂದಲಿನ ಕಪ್ಪು ಬಣ್ಣ ಕರಗಿ ಕೆನ್ನೆ ಮೇಲೆ ಇಳೀತಿದೆ, ತುಟಿ ಅಲ್ಲಾಡ್ತಿದೆ. "ಹಿಂ..." ಅಂತ ಬಂತು.

ಅಷ್ಟೇ. ಬಾಯಿ ಮುಚ್ಕೊಂಡ್ರು. ಮೀಸೆ ಸರಿ ಮಾಡ್ಕೊಂಡ್ರು.

"ಆ ಮಾತು ಈ ಬಾಯಲ್ಲಿ ಬರಲ್ಲ," ಅಂದ್ರು.

ಅಣ್ಣ ಬೇಡ್ಕೊಂಡ, ಬೈದ. ನೋಡೋಕೆ ಒಂದು ನರಪಿಳ್ಳೆ ಇಲ್ಲ, ಯಾರಿಗೂ ಗೊತ್ತಾಗಲ್ಲ ಅಂದ. ಅವರು ಎದುರಿನ ಕತ್ತಲೆ ಕಡೆ ನೋಡ್ತಾ ಎದೆ ಉಬ್ಬಿಸಿ ನಿಂತರು. ಅಣ್ಣನಿಗೆ ರೋಸಿಹೋಯ್ತು. ಟಾರ್ಚು ಅಲ್ಲೇ ಕಲ್ಲಿನ ಪಕ್ಕ ಇಟ್ಟು ಮನೆ ಕಡೆ ನಡೆದ.

ಬೆಳಿಗ್ಗೆ ಪಂಪು ಹಾಕೋಕೆ ಬಂದೋನು ನೋಡಿದ. ನಿಂತ ಹಾಗೇ ಹೆಣ. ಕಣ್ಣು ಬಿಟ್ಕೊಂಡೇ ಇತ್ತು. ಆಗ ಮಾತ್ರ ಬೂಟು ಸುಲಭವಾಗಿ ಕಲ್ಲಿನಿಂದ ಬಂತಂತೆ. ದೊಡ್ಡ ದೊಡ್ಡೋರೆಲ್ಲ ಬಂದ್ರು. ಗಾಳಿಗೆ ಗುಂಡು ಹಾರಿಸಿದ್ರು. ಕೊನೆಯುಸಿರಿನವರೆಗೂ ಠಾಣೆ ಕಾದ ಮಹಾವೀರ ಅಂತ ಭಾಷಣ. ಗೇಟಿಗೆ ಅವರ ಹೆಸರಿನ ಹಿತ್ತಾಳೆ ಫಲಕ ಬೇರೆ. ಸತ್ತ ಮೇಲೂ ಮೆರವಣಿಗೆ! ಫಲಕದಲ್ಲಿ ಕಂಬನ ಹೆಸರು ಎಲ್ಲೂ ಇಲ್ಲ. ನಾನು ಹೋಗಿ ಹುಡುಕಿ ನೋಡಿ ಬಂದೆ, ನೆಲಕ್ಕೆ ಉಗಿದು ಬಂದೆ.

ಈಗಲೂ ಆ ದಾರೀಲಿ ರಾತ್ರಿ ಹೋದ್ರೆ "ಯಾರದು?" ಅಂತ ಕೇಳುತ್ತೆ. ಮೂಗು ಕಟ್ಟಿದ ದನಿ ಅಲ್ಲ, ಗಡಸು ದನಿ. ಒಂದೊಂದು ರಾತ್ರಿ "ಹಿಂ..." ಅಂತ ಶುರುವಾಗಿ ಅಲ್ಲಿಗೇ ನಿಲ್ಲುತ್ತಂತೆ. ಕೇಳಿಸ್ಕೊಂಡೋರು ಬೇಕಾದಷ್ಟು ಜನ ಇದಾರೆ. ಕೇಳಿಸ್ಕೊಂಡು ನಿಲ್ಲೋರು ಮಾತ್ರ ಯಾರೂ ಇಲ್ಲ.

ಅದು ಹಾಳಾಗಿ ಹೋಗ್ಲಿ. ನಾನು ಕಂಡಿದ್ದು ಹೇಳ್ತೀನಿ.

ಆ ರಾತ್ರಿ ನಾನೂ ದೊಡ್ಡಮ್ಮನೂ ದೀಪ ಸಣ್ಣ ಮಾಡಿ ಕೂತಿದ್ವಿ. ಬೀದೀಲಿ ನಡೆದು ಬರೋ ಸದ್ದು ಕೇಳಿಸ್ತು. ಅಣ್ಣನ ಚಪ್ಪಲಿ ಸದ್ದು ನಂಗೆ ಗೊತ್ತು, ಚಪಕ್ ಚಪಕ್ ಅನ್ನುತ್ತೆ. ಅದು ಬಹಳ ಹೊತ್ತಾದ ಮೇಲೆ ಬಂದಿದ್ದು. ಇದು ಅದಕ್ಕೆ ಮುಂಚೆ ಬಂದಿದ್ದು... ಕಾಲೆಳೆಯೋ ಸದ್ದು. ಬಾಗಿಲ ಹತ್ರ ನಿಂತಿತು. ಬಾಗಿಲು ಅಲ್ಲಾಡಲಿಲ್ಲ, ಯಾರೂ ಒಳಗೆ ಬರಲಿಲ್ಲ. ನಾನು ಬಾಯಿ ತೆರೆಯೋಕೆ ಹೋದೆ. ದೊಡ್ಡಮ್ಮ ನನ್ನ ಕೈ ಒತ್ತಿ ಹಿಡಿದ್ರು.

"ಮಾತಾಡ್ಬೇಡ ಕಣೇ," ಅಂದ್ರು. "ಮಲಗ್ಲಿ."

ಎದ್ದು ಹೋಗಿ, ಒಳಕೋಣೇಲಿ ಕಂಬನ ಮಂಚದ ಮೇಲೆ ವರ್ಷಗಟ್ಟಲೆ ಮಡಿಸಿಟ್ಟಿದ್ದ ಹಾಸಿಗೆ ಬಿಡಿಸಿ, ತಲೆ ಕಡೆ ದಿಂಬಿಟ್ಟು, ಬಾಗಿಲು ಎಳೆದುಕೊಂಡು ಬಂದ್ರು. ಹೊರಗೆ ಬಂದು ನನ್ನ ಭುಜದ ಮೇಲೆ ತಲೆಯಿಟ್ಟು, ಸದ್ದಿಲ್ಲದೆ ಅತ್ತರು. ಆಮೇಲೆ ಅಣ್ಣ ಬಂದ. ನಾವು ಮೂರೂ ಜನ ಬೆಳಗಿನವರೆಗೂ ಆ ಕೋಣೆ ಮುಂದೆಯೇ ಕೂತಿದ್ವಿ, ಒಬ್ಬರೂ ಕದಲಲಿಲ್ಲ.

ಬೆಳಕಾದ ಮೇಲೆ ಬಾಗಿಲು ತೆಗೆದೋಳು ನಾನೇ. ಕೋಣೆ ಖಾಲಿ. ಹಾಸಿಗೆ ಸುಕ್ಕಾಗಿತ್ತು. ದಿಂಬು ತಲೆ ಕಡೆ ಇರಲಿಲ್ಲ. ಕಾಲಿನ ಕಡೆ ಇತ್ತು, ಕಾಲು ಎತ್ತರಕ್ಕೆ ಇಟ್ಕೊಳ್ಳೋಕೆ ಹಾಕ್ಕೊಳ್ತಾರಲ್ಲ, ಹಾಗೆ. ಅದರ ಮೇಲೆ ಎರಡು ಹಿಮ್ಮಡಿ ಒತ್ತಿದ ಗುಳಿ. ನಾನು ಕೈಯಿಟ್ಟು ನೋಡಿದೆ. ಇದೇ ಕೈ. ಇನ್ನೂ ಬೆಚ್ಚಗಿತ್ತು.